ಮೂರು ನಿಮಿಷದ ಹಾಡು, ಒಂದು ಗಂಟೆಯ ಹಬ್ಬ

ಅಮೆರಿಕದ ಟೀವಿಯಲ್ಲಿ ಕ್ರಿಸ್‌ಮಸ್ ಎಂದರೆ ರ‍್ಯಾಂಕಿನ್-ಬಾಸ್ ಕಂಪನಿಯ ‘ರುಡಾಲ್ಫ್’, ಕೆಂಪು ಮೂಗಿನ ಹಿಮಸಾರಂಗದ ಕಥೆ. 1964ರಲ್ಲಿ ಎನ್‌ಬಿಸಿಯಲ್ಲಿ ಮೊದಲು ಬಂದ ಆ ಗೊಂಬೆಚಿತ್ರಕ್ಕೆ ನನ್ನ ಶಿಫಾರಸೇನೂ ಬೇಕಿಲ್ಲ. ನೋಡಬೇಕಾದ್ದು ಅದೇ ಕಂಪನಿ ಆಮೇಲೆ ಮಾಡಿದ, ಈಗ ಅರೆಮರೆತ ವಿಚಿತ್ರ ಚಿತ್ರಗಳನ್ನು. ಆ ವೈಚಿತ್ರ್ಯದ ಹಿಂದೆ ವ್ಯಾಪಾರದ ಇಕ್ಕಟ್ಟಿತ್ತು. ಕೈಯಲ್ಲಿದ್ದದ್ದು ಎಷ್ಟೋ ಸಲ ಮೂರು ನಿಮಿಷದ ಜನಪ್ರಿಯ ಹಾಡು. ತುಂಬಬೇಕಾದ್ದು ಜಾಹೀರಾತು ಸೇರಿ ಒಂದು ಗಂಟೆ. ಒಂದು ದೇವರನಾಮ ಹಿಡಿದು ರಾತ್ರಿಯಿಡೀ ಉಪಕಥೆ ಹೆಣೆಯುವ ಹರಿಕಥೆ ದಾಸರ ಪಾಡೇ ಚಿತ್ರಕಥೆಗಾರ ರೋಮಿಯೊ ಮುಲ್ಲರ್‌ಗೂ ಬಂತು.

‘ರುಡಾಲ್ಫ್ಸ್ ಶೈನಿ ನ್ಯೂ ಇಯರ್’ (1976) ನೋಡಿ. ತನ್ನ ಅಗಲ ಕಿವಿ ಕಂಡು ಎಲ್ಲರೂ ನಕ್ಕರೆಂದು ಹೊಸ ವರ್ಷವೆಂಬ ಕೂಸು ಓಡಿಹೋಗುತ್ತದೆ. ಕಳೆದ ವರ್ಷಗಳೆಲ್ಲ ನಿವೃತ್ತವಾಗಿ ಒಂದೊಂದು ದ್ವೀಪ ಹಿಡಿದಿವೆ; 1776ರ ದ್ವೀಪದಲ್ಲಿ ಇನ್ನೂ 1776ರದೇ ಕಾರುಬಾರು. ಕೂಸಿನ ಬೆನ್ನುಹತ್ತಿದ ಈಯಾನ್ ಎಂಬ ದೈತ್ಯ ರಣಹದ್ದಿನ ಆಯುಸ್ಸು ಒಂದು ಯುಗ. ಯುಗ ಮುಗಿದರೆ ಅದು ಮಂಜುಗಡ್ಡೆಯಾಗುತ್ತದೆ. ಹೊಸ ವರ್ಷವನ್ನೇ ತಡೆದರೆ ಸಾವೂ ನಿಂತೀತೆಂಬುದು ಅದರ ಲೆಕ್ಕ. ಮಕ್ಕಳ ಕಥೆಯ ಖಳನಿಗೆ ಇಷ್ಟು ನ್ಯಾಯವಾದ ಭಯ ಸಿಗುವುದು ಅಪರೂಪ. ಇವೆಲ್ಲ ರುಡಾಲ್ಫ್‌ನ ಮೂಲ ಹಾಡಿನಲ್ಲಿ ಎಲ್ಲಿವೆ?

1985ರ ‘ದಿ ಲೈಫ್ ಅಂಡ್ ಅಡ್ವೆಂಚರ್ಸ್ ಆಫ್ ಸಾಂಟಾ ಕ್ಲಾಸ್’ ಈ ವಾದಕ್ಕೆ ಒಗ್ಗುವುದಿಲ್ಲ ಎನ್ನಬಹುದು. ನಿಜ, ಅದರ ಮೂಲ ಎಲ್. ಫ್ರ್ಯಾಂಕ್ ಬಾಮ್‌ನ 1902ರ ಇಡೀ ಕಾದಂಬರಿ. ಅಲ್ಲಿ ಹಿಗ್ಗಿಸುವ ಬದಲು ಕುಗ್ಗಿಸಬೇಕಿತ್ತು. ಆದರೆ ಸಾವಿನಂಚಿನಲ್ಲಿರುವ ಸಾಂಟಾನಿಗೆ ಅಮರತ್ವ ಕೊಡಬೇಕೇ ಎಂದು ಅಮರರ ಸಭೆ ವಾದಿಸುವ ಕಥೆಯನ್ನು ಹಬ್ಬದ ಹೊತ್ತಿಗೆ ಆರಿಸುವ ಧೈರ್ಯ, ಎರಡು ದಶಕ ಹೀಗೆ ಅಡ್ಡದಾರಿ ಹಿಡಿದವರಿಗೇ ಬಂದೀತು. ಗೊಂಬೆಗಳು ಸೆಟೆದುಕೊಂಡಿವೆ, ಹಲವು ಹಾಡುಗಳು ಸಪ್ಪೆ ಎಂಬ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಹಾಡು ಬಂದಾಗ ಮುಂದಕ್ಕೆ ಓಡಿಸಿ, ಏನೂ ನಷ್ಟವಿಲ್ಲ.

ಇದೆಲ್ಲ ಬರೀ ಬಾಲ್ಯದ ಹಂಬಲ ಎಂಬ ಆಕ್ಷೇಪ ಅಮೆರಿಕನ್ನರಿಗೆ ತಟ್ಟೀತು. ಇವನ್ನು ನೋಡಿ ಬೆಳೆಯದ ನಮಗಲ್ಲ. ಹಂಬಲದ ಕೈಚಳಕ ಕಾಣುವುದು ‘ರುಡಾಲ್ಫ್’ನಂಥ ಮೆಚ್ಚಿನ ಚಿತ್ರದಲ್ಲೇ. ಅದರಲ್ಲಿ ಯಾರಿಗೂ ಬೇಡವಾದ ಆಟಿಕೆಗಳ ಒಂದು ದ್ವೀಪವಿದೆ; ಮೊದಲ ಪ್ರಸಾರದಲ್ಲಿ ಆ ಆಟಿಕೆಗಳು ಅಲ್ಲೇ ಉಳಿದಿದ್ದವು. ಪ್ರೇಕ್ಷಕರು ದೂರಿದರು, ಮರುವರ್ಷ ಸಾಂಟಾ ಅವನ್ನು ಕರೆದೊಯ್ಯುವ ದೃಶ್ಯ ಸೇರಿತು. ಈಯಾನ್‌ನ ಕಥೆಗೆ ಅಂಥ ರಿಪೇರಿ ಮಾಡುವಷ್ಟು ಪ್ರೀತಿ ಯಾರಿಗೂ ಇರಲಿಲ್ಲ. ಹಾಗಾಗಿಯೇ ಅದರ ಮೊನಚು ಸವೆದಿಲ್ಲ.