ಸೇಡು ತೀರಿದ ಮೇಲೆ

ಸೇಡಿನ ಕಥೆಯೊಂದನ್ನು ಕೈಗೆತ್ತಿಕೊಂಡಾಗ ವಾಚಕರಾದ ನಮ್ಮ ಕುತೂಹಲವೆಲ್ಲ ಒಂದೇ ಪ್ರಶ್ನೆಯ ಸುತ್ತ ಸುಳಿಯುತ್ತದೆ: ಅಪಮಾನಕ್ಕೊಳಗಾದವನು ಹಗೆಯನ್ನು ತೀರಿಸಿಕೊಂಡನೇ, ಇಲ್ಲವೇ? ಶ್ರೇಷ್ಠ ಲೇಖಕರಿಗೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ. ತೀರಿಸಿಕೊಂಡವನ ಮನಸ್ಸಿನಲ್ಲಿ ಆಮೇಲೆ ಉಳಿದದ್ದೇನು ಎಂಬುದರತ್ತ ಅವರ ದೃಷ್ಟಿ. ಪಾಶ್ಚಾತ್ಯ ಸಾಹಿತ್ಯದ ಎರಡು ಸಣ್ಣ ಕಥೆಗಳನ್ನೂ ಒಂದು ಪುಟ್ಟ ಕವಿತೆಯನ್ನೂ ಈ ದೃಷ್ಟಿಯಿಂದ ಪರಿಶೀಲಿಸಬಹುದು. ಇವುಗಳನ್ನು ಕಾಲೇಜಿನಲ್ಲಿ ಇಂಗ್ಲಿಷ್ ಪಠ್ಯವಾಗಿ ಓದಿದವರು ತಮ್ಮಲ್ಲಿ ಕೆಲವರಾದರೂ ಇರಬಹುದು.

ಅಮೆರಿಕದ ಎಡ್ಗರ್ ಆಲನ್ ಪೋ 1846ರಲ್ಲಿ ಪ್ರಕಟಿಸಿದ ‘ದಿ ಕಾಸ್ಕ್ ಆಫ್ ಅಮಾಂಟಿಲಾಡೊ’ ಕೆಲವೇ ಪುಟಗಳ ಕಥೆ. ಅಮಾಂಟಿಲಾಡೊ ಎಂಬುದು ಸ್ಪೇನಿನ ಒಂದು ಬಗೆಯ ದ್ರಾಕ್ಷಾಮದ್ಯ. ಇಟಲಿಯ ನಗರವೊಂದರಲ್ಲಿ ಉತ್ಸವದ ಸಂಜೆ. ವಿದೂಷಕನ ವೇಷ ತೊಟ್ಟು, ಗೆಜ್ಜೆಯ ಟೊಪ್ಪಿಗೆ ಧರಿಸಿ ಅಮಲಿನಲ್ಲಿರುವ ಫಾರ್ಚುನಾಟೊನನ್ನು ಮಾಂಟ್ರೆಸರ್ ಆ ಮದ್ಯದ ಆಸೆ ತೋರಿಸಿ ತನ್ನ ವಂಶದವರ ಅಸ್ಥಿಗಳಿರುವ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ದಾರಿಯಲ್ಲಿ ಅವನು ಕೆಮ್ಮಿದರೆ, ಹಿಂದಿರುಗೋಣವೆಂದು ಕಾಳಜಿಯಿಂದ ಹೇಳುತ್ತಾನೆ. ಕೊನೆಗೆ ಅವನನ್ನು ಬಂಡೆಗೆ ಸರಪಣಿಯಿಂದ ಬಿಗಿದು, ಹನ್ನೊಂದು ವರಸೆಗಳ ಗೋಡೆ ಕಟ್ಟಿ ಜೀವಂತವಾಗಿ ಮುಚ್ಚಿಬಿಡುತ್ತಾನೆ. ಕರಣೆ ಅವನ ನಿಲುವಂಗಿಯೊಳಗೆ ಮೊದಲಿನಿಂದಲೂ ಇತ್ತು!

ಈ ಮಾಂಟ್ರೆಸರ್ ಕಥೆಯ ಆರಂಭದಲ್ಲಿಯೇ ಸೇಡಿಗೆ ಎರಡು ನಿಯಮಗಳನ್ನು ವಿಧಿಸಿಕೊಂಡಿದ್ದಾನೆ ಎಂಬುದನ್ನು ತಾವು ಗಮನಿಸಬೇಕು. ಸೇಡು ತೀರಿಸಿದವನಿಗೆ ಶಿಕ್ಷೆಯಾಗಕೂಡದು. ಮತ್ತು ತನ್ನನ್ನು ದಂಡಿಸುತ್ತಿರುವವನು ಯಾರು, ಏತಕ್ಕೆ ಎಂಬುದು ವೈರಿಗೆ ತಿಳಿಯಬೇಕು. ಮೊದಲನೆಯದು ಪೂರ್ತಿಯಾಗಿ ನೆರವೇರಿತು. ಅರ್ಧ ಶತಮಾನ ಕಳೆದರೂ ಆ ಗೋಡೆಯನ್ನು ಯಾರೂ ಮುಟ್ಟಲಿಲ್ಲ. ಎರಡನೆಯದು? ಅವನು ತನ್ನ ಹಗೆಯ ಕಾರಣವನ್ನು ಫಾರ್ಚುನಾಟೊನಿಗೆ ಒಮ್ಮೆಯೂ ಹೇಳುವುದಿಲ್ಲ. ನಮಗೂ ಹೇಳುವುದಿಲ್ಲ. ಒಳಗಿನವನು ಚೀರಿದಾಗ ತಾನೂ ಅವನಿಗಿಂತ ಗಟ್ಟಿಯಾಗಿ ಚೀರುತ್ತಾನೆ. ಕಡೆಗೆ ಒಂದೇ ಒಂದು ಕಲ್ಲಿನ ಸಂದು ಉಳಿದಾಗ ವೈರಿಯ ಹೆಸರು ಹಿಡಿದು ಕೂಗುತ್ತಾನೆ, ಉತ್ತರವಿಲ್ಲ, ಮತ್ತೆ ಕೂಗುತ್ತಾನೆ. ಒಳಗಿನಿಂದ ಬರುವುದು ಗೆಜ್ಜೆಯ ಸದ್ದು ಮಾತ್ರ. ಆಗ ಅವನಿಗೆ ಎದೆಯಲ್ಲಿ ಸಂಕಟವಾಗುತ್ತದೆ. ಅದು ನೆಲಮಾಳಿಗೆಯ ತಂಪಿನಿಂದಾದದ್ದೆಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇಡೀ ಕಥೆಯ ತೂಕ ಈ ಒಂದು ನೆಪದ ಮೇಲೆ ನಿಂತಿದೆ. ಐವತ್ತು ವರ್ಷ ಯಾರಿಗೂ ತಿಳಿಯದೆ ಉಳಿದ ಕೃತ್ಯವನ್ನು, ಶಿಕ್ಷೆಯ ಭಯವಿಲ್ಲದ ಮುದುಕನು, ತನ್ನ ಆತ್ಮವನ್ನು ಬಲ್ಲವರೊಬ್ಬರ ಮುಂದೆ ಈಗ ಏಕೆ ಬಿಚ್ಚಿಡುತ್ತಿದ್ದಾನೆ? ಕೇಳುತ್ತಿರುವವನು ಪಾದ್ರಿಯಿರಬಹುದೆಂದು ಊಹಿಸಿದ ವಿಮರ್ಶಕರಿದ್ದಾರೆ. ಯಾರೇ ಇರಲಿ, ವೈರಿಯಿಂದ ದೊರೆಯದ ಉತ್ತರಕ್ಕಾಗಿ ಅವನು ಇನ್ನೂ ಕಾದಿರುವಂತೆ ತೋರುತ್ತದೆ.

ಇಲ್ಲಿ ನಮ್ಮ ರನ್ನನ ‘ಗದಾಯುದ್ಧ’ದ ಭೀಮಸೇನನು ನೆನಪಾಗದೆ ಇರನು. ಅವನ ಪ್ರತಿಜ್ಞೆ ತುಂಬಿದ ಸಭೆಯಲ್ಲಿ ಆದದ್ದು; ಅದರ ಕಾರಣ ವೈರಿಗೂ ಗೊತ್ತು, ಲೋಕಕ್ಕೂ ಗೊತ್ತು. ಅದು ಎಷ್ಟು ಘೋರವಾದರೂ ಅದರಲ್ಲಿ ಕಪಟದ ನಗೆಯಿಲ್ಲ.

ಆ ಕಪಟದ ನಗೆಯನ್ನೇ ವಸ್ತುವಾಗಿಸಿಕೊಂಡವನು ಆಂಗ್ಲಕವಿ ವಿಲಿಯಂ ಬ್ಲೇಕ್. ಅವನ ‘ಎ ಪಾಯ್ಸನ್ ಟ್ರೀ’ 1794ರದು, ಹದಿನಾರೇ ಸಾಲುಗಳು. ಮಿತ್ರನ ಮೇಲಿನ ಕೋಪವನ್ನು ಬಾಯಿಬಿಟ್ಟು ಹೇಳಿದ್ದರಿಂದ ಅದು ಅಳಿಯಿತು. ವೈರಿಯ ಮೇಲಿನದನ್ನು ನುಂಗಿಕೊಂಡದ್ದರಿಂದ ಅದು ಗಿಡವಾಯಿತು. ಕಣ್ಣೀರು ಅದಕ್ಕೆ ನೀರು, ಮುಗುಳ್ನಗೆ ಅದಕ್ಕೆ ಬಿಸಿಲು. ಅದು ಬಿಟ್ಟ ಹೊಳೆಯುವ ಹಣ್ಣನ್ನು ವೈರಿ ಇರುಳಿನಲ್ಲಿ ಕದಿಯಲು ಬಂದು, ಬೆಳಗಾಗುವಾಗ ಮರದಡಿ ಬಿದ್ದಿದ್ದಾನೆ. ನಿರೂಪಕನಿಗೆ ಅದನ್ನು ಕಂಡು ಸಂತೋಷ! ಕವಿಯು ತನ್ನ ಹಸ್ತಪ್ರತಿಯಲ್ಲಿ ಈ ಪದ್ಯಕ್ಕೆ ಮೊದಲು ಕೊಟ್ಟಿದ್ದ ಹೆಸರು ‘ಕ್ರೈಸ್ತ ಸಹನೆ’ ಎಂಬರ್ಥದ್ದು. ಸಹನೆಯೆಂದು ಬೋಧಿಸಲಾಗುವ ಮೌನವೇ ಎಷ್ಟೋ ವೇಳೆ ವಿಷವೃಕ್ಷಕ್ಕೆ ಪಾತಿಯಾಗುತ್ತದೆ ಎಂಬುದು ಕವಿಯ ಆಪಾದನೆ. ಇದು ಕ್ರೈಸ್ತರಿಗಷ್ಟೇ ಹೇಳಿದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಹೊಲದ ಬದುವಿಗಾಗಿ ಎದೆಯಲ್ಲಿ ಕೆಂಡವಿಟ್ಟುಕೊಂಡು, ಮದುವೆಯ ಚಪ್ಪರದಲ್ಲಿ ಎದುರಾದಾಗ ನಗುತ್ತ ಕುಶಲ ಕೇಳುವ ದಾಯಾದಿಗಳನ್ನು ನಾವು ಕಂಡಿಲ್ಲವೇ? ಅವರನ್ನು ತಾಳ್ಮೆಯವರೆಂದು ಹೊಗಳಿಲ್ಲವೇ?

ಫ್ರೆಂಚ್ ಲೇಖಕ ಮೊಪಾಸಾನ ‘ವೆಂಡೆಟಾ’ (1883) ಇವೆರಡಕ್ಕಿಂತ ಹೆಚ್ಚು ಕಳವಳಗೊಳಿಸುವ ಕೃತಿ. ಕಾರ್ಸಿಕಾ ದ್ವೀಪದ ಬೊನಿಫಾಸಿಯೊದಲ್ಲಿ ಒಬ್ಬ ವಿಧವೆಯ ಮಗನನ್ನು ಕೊಂದವನು ಕಡಲ ಕಿರಿಗಾಲುವೆಯಾಚೆಗಿನ ಸಾರ್ಡಿನಿಯಾಕ್ಕೆ ಓಡಿಹೋಗಿದ್ದಾನೆ. ಆ ತಾಯಿಗೆ ಸೇಡು ತೀರಿಸಲು ಅಣ್ಣತಮ್ಮಂದಿರಿಲ್ಲ. ಇರುವುದು ಮಗನೊಡನೆ ಬೇಟೆಗೆ ಹೋಗುತ್ತಿದ್ದ ನಾಯಿಯೊಂದೇ. ಗಂಡನ ಹಳೆಯ ಬಟ್ಟೆ ತೊಡಿಸಿದ ಹುಲ್ಲಿನ ಬೊಂಬೆಯ ಕೊರಳಿಗೆ ಮಾಂಸವನ್ನು ಸುತ್ತಿ, ಹಸಿದ ನಾಯಿಯನ್ನು ಅದರ ಮೇಲೆ ಬಿಡುತ್ತಾಳೆ. ಮೂರು ತಿಂಗಳು ಇದೇ ಅಭ್ಯಾಸ. ಈ ಸಂಕಲ್ಪಕ್ಕೆ ಬಲ ಬೇಡಲು ಅವಳು ಹೋದದ್ದು ಚರ್ಚಿಗೆ. ಹೊರಡುವ ಮುನ್ನವೂ ಭಕ್ತಿಯಿಂದ ಪಾಪನಿವೇದನೆ ಮಾಡಿ ಪ್ರಸಾದ ಸ್ವೀಕರಿಸಿದಳು. ಕೆಲಸ ಮುಗಿಸಿ ಮರಳಿದ ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ರೆ ಬಂದಿತೆಂದು ಹೇಳಿ ಲೇಖಕನು ಲೇಖನಿ ಕೆಳಗಿಡುತ್ತಾನೆ.

ಲೇಖಕನ ಈ ತಾಟಸ್ಥ್ಯವನ್ನು ಕಥೆಯ ದೋಷವೆಂದು ಬಗೆಯುವವರಿರಬಹುದು. ನಾನು ಹಾಗೆ ಬಗೆಯೆನು. ಪೋ ತನ್ನ ಅಪರಾಧಿಯ ಎದೆಯಲ್ಲಿ ಒಂದು ಕ್ಷಣದ ಸಂಕಟವನ್ನಾದರೂ ಇಟ್ಟು ನಮಗೆ ಸಮಾಧಾನ ಕೊಟ್ಟನು. ಮೊಪಾಸಾ ಆ ಸಮಾಧಾನವನ್ನೂ ಕೊಡುವುದಿಲ್ಲ. ಮಗನ ಮೇಲಿನ ಪ್ರೀತಿ, ದೇವರ ಮೇಲಿನ ಭಕ್ತಿ, ಮೂಕಪ್ರಾಣಿಯ ನಿಷ್ಠೆ ಎಲ್ಲವೂ ಇಲ್ಲಿ ನಿಜವಾದವೇ. ಅವೆಲ್ಲ ಸೇರಿ ಒಬ್ಬನ ಕೊರಳನ್ನು ಸೀಳಿದವು. ಸಾರ್ಡಿನಿಯಾದ ಆ ಬೀದಿಯಲ್ಲಿ ನೆರೆಯವರು ಕಂಡದ್ದಿಷ್ಟೇ: ಮುದುಕ ಭಿಕ್ಷುಕನ ವೇಷದ ವ್ಯಕ್ತಿಯೊಂದು ಹೊರಟುಹೋಗುತ್ತಿತ್ತು, ಜೊತೆಗೆ ಬಡಕಲು ನಾಯಿಯೊಂದು, ಒಡೆಯನು ಕೊಟ್ಟದ್ದನ್ನು ತಿನ್ನುತ್ತ ನಡೆದಿತ್ತು.