ಫ್ಯಾನಿಲ್ಲದ ಮದರ್‌ಬೋರ್ಡು: ಒಂದು ವಿಮರ್ಶೆ

ಹರಿಹರದಲ್ಲಿ ಪೊಲಾಳ್ವ ದಂಡನಾಥನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳ ಛಾಯಾಚಿತ್ರಗಳನ್ನು ದಾವಣಗೆರೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಸಂಗ್ರಹಿಸುವ ಇತಿಹಾಸದ ಅಭ್ಯಾಸಿಗೆ, ಯಂತ್ರದ ಆಯ್ಕೆಯೂ ಆಕರರಕ್ಷಣೆಯ ಒಂದು ಭಾಗವೇ ಆಗಿದೆ.

2019ರಲ್ಲಿ ಎಎಂಡಿ ಸಂಸ್ಥೆಯ ಎಕ್ಸ್570 ಚಿಪ್‌ಸೆಟ್ ಹೊರಬಂದಾಗ, ಅದರ ಶಾಖವು ಹೆಚ್ಚಾಗಿದ್ದುದರಿಂದ ಬಹುತೇಕ ಬೋರ್ಡುಗಳು ಅದರ ಮೇಲೆ ಸಣ್ಣ ಫ್ಯಾನೊಂದನ್ನು ಹೊತ್ತಿದ್ದುವು. ಗಿಗಾಬೈಟಿನ ಅತ್ಯುನ್ನತ ದರ್ಜೆಯ ಎಕ್ಸ್570 ಆರಸ್ ಎಕ್ಸ್‌ಟ್ರೀಮ್ ಆ ಫ್ಯಾನನ್ನು ಬಿಟ್ಟು, ವಿಶಾಲವಾದ ಲೋಹದ ಹೊದಿಕೆಯನ್ನೇ ನೆಚ್ಚಿತು. ಧೂಳಿನ ಊರಿನಲ್ಲಿ ಇದು ಅಲ್ಪ ಗುಣವಲ್ಲ. ಫ್ಯಾನು ಧೂಳು ಹಿಡಿದು ನಿಲ್ಲಬಹುದು, ಲೋಹಕ್ಕೆ ಸವೆಯುವ ಭಾಗವಿಲ್ಲ.

ಆದರೆ ಲೋಹವು ಶಾಖವನ್ನು ನಾಶಮಾಡುವುದಿಲ್ಲ. ಗಾಳಿಗೆ ಒಪ್ಪಿಸುತ್ತದೆ, ಅಷ್ಟೆ. ಬೇಸಗೆಯಲ್ಲಿ ಕೊಠಡಿಯೇ 38 ಡಿಗ್ರಿಯಿದ್ದರೆ ಬೋರ್ಡು ಅದಕ್ಕಿಂತ ತಣ್ಣಗಿರಲಾರದು. ಪೆಟ್ಟಿಗೆಯೊಳಗೆ ಗಾಳಿಯಾಡದಿದ್ದಲ್ಲಿ ಗುಣವೇ ದೋಷವಾಗುವುದು.

ಇನ್ನು ಬೆಲೆಯ ಮಾತು. 2020ರಲ್ಲಿ ಬಂದ ಬಿ550 ಚಿಪ್‌ಸೆಟ್ಟಿನ ಅಗ್ಗದ ಬೋರ್ಡುಗಳಿಗೆ ಸಾಮಾನ್ಯವಾಗಿ ಫ್ಯಾನಿನ ಅಗತ್ಯವೇ ಇಲ್ಲ. ತಕ್ಕ ಪ್ರೊಸೆಸರಿದ್ದರೆ ವೇಗದ ಡಿಸ್ಕೊಂದಕ್ಕೆ ಅವೂ ಪಿಸಿಐಇ 4.0 ಮಾರ್ಗವನ್ನು ಒದಗಿಸುತ್ತವೆ. ಶಾಸನಚಿತ್ರಗಳ ಕೆಲಸಕ್ಕೆ ಅಷ್ಟು ಸಾಕು. ಉಳಿದ ಹಣದಿಂದ ಮತ್ತೊಂದು ಡಿಸ್ಕನ್ನು ಕೊಂಡು, ಚಿತ್ರಗಳ ಎರಡನೆಯ ಪ್ರತಿಯನ್ನು ಹರಿಹರದಲ್ಲಿ ಇರಿಸುವುದೇ ವಿವೇಕ. ಆಕರವನ್ನು ಉಳಿಸುವುದು ದುಬಾರಿ ಬೋರ್ಡಲ್ಲ, ಎರಡನೆಯ ಪ್ರತಿ.