ಸಂಗೀತ ವಿದ್ಯಾಲಯಗಳಲ್ಲಿ ಮನೋಧರ್ಮದ ಪಾಠ

ಈಚೆಗೆ ಒಂದು ಸಂಗೀತ ವಿದ್ಯಾಲಯದ ವಾರ್ಷಿಕೋತ್ಸವಕ್ಕೆ ಹೋಗಿದ್ದೆನು. ಮೂವರು ವಿದ್ಯಾರ್ಥಿನಿಯರು ಒಬ್ಬರ ಬಳಿಕ ಒಬ್ಬರು ಕಲ್ಯಾಣಿಯನ್ನು ಆಲಾಪಿಸಿದರು. ಶಾರೀರ ಇಂಪು, ಶ್ರುತಿ ಶುದ್ಧ. ಆದರೆ ಮೂವರ ಆಲಾಪನೆಯೂ ಒಂದೇ. ಉಸಿರೆಳೆದ ಸ್ಥಳವೂ ಒಂದೇ! ವಿಚಾರಿಸಲಾಗಿ, ಅಧ್ಯಾಪಕರು ಸ್ವರಪಡಿಸಿ ಬರೆಯಿಸಿದುದನ್ನು ಉರುಹೊಡೆದರೆಂದು ತಿಳಿದುಬಂದಿತು. ಕಲ್ಪನಾಸ್ವರವೂ ಪುಸ್ತಕದಲ್ಲಿಯೇ ಇದ್ದಿತು. ಕಡೆಯವಳು ಮಾತ್ರ ತಾರಸ್ಥಾಯಿಯಲ್ಲಿ ಪಾಠವನ್ನು ಮರೆತು, ತಡವರಿಸಿ, ತನಗೆ ತೋಚಿದ ದಾರಿಯಲ್ಲಿ ಷಡ್ಜಕ್ಕೆ ಇಳಿದಳು. ನನ್ನ ಕಿವಿಗೆ ಆ ಸಂಜೆ ಕಲ್ಯಾಣಿಯು ಕೇಳಿಸಿದುದು ಅಲ್ಲಿಯೇ.

ಮನೋಧರ್ಮವು ಹುಟ್ಟಿನಿಂದ ಬರತಕ್ಕದ್ದು, ಕಲಿಸತಕ್ಕದ್ದಲ್ಲ ಎಂದು ಅಧ್ಯಾಪಕರು ನುಡಿದರು. ಗುರುವಿನ ಹಿಂದೆ ತಂಬೂರಿ ಮೀಟುತ್ತ ವರ್ಷಗಟ್ಟಲೆ ಕೇಳುವ ಭಾಗ್ಯ ತರಗತಿಯ ಮಕ್ಕಳಿಗಿಲ್ಲವೆಂಬುದು ನಿಜ, ಕಲಿಸಲಾಗದೆಂಬುದನ್ನು ನಾನೊಪ್ಪೆನು.

ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರವು ರಾಗಾಲಪ್ತಿಗೆ ನಾಲ್ಕು ಸ್ವಸ್ಥಾನಗಳನ್ನು ವಿಧಿಸುತ್ತದೆ. ರಾಗವು ನೆಲೆಗೊಳ್ಳುವ ಸ್ಥಾಯಿಸ್ವರದಿಂದ ನಾಲ್ಕನೆಯದು ದ್ವ್ಯರ್ಧ, ಎಂಟನೆಯದು ದ್ವಿಗುಣ, ನಡುವಣವು ಅರ್ಧಸ್ಥಿತಗಳು. ಮೊದಲು ದ್ವ್ಯರ್ಧಕ್ಕಿಂತ ಕೆಳಗೇ ಸಂಚಾರ; ಬಳಿಕ ಅದನ್ನು ಮುಟ್ಟಿ ಹಿಂದಿರುಗುವುದು; ಅನಂತರ ಅರ್ಧಸ್ಥಿತಗಳು; ಕಡೆಗೆ ದ್ವಿಗುಣ. ಇದು ಲಕ್ಷಣ ಮಾತ್ರವಲ್ಲ, ಪಾಠಕ್ರಮವೂ ಹೌದೆಂದು ನನಗೆ ತೋರುತ್ತದೆ. “ತಾಯಿ, ಮಂದ್ರನಿಷಾದದಿಂದ ಗಾಂಧಾರದವರೆಗೆ ಮಾತ್ರ ಹಾಡು, ಮಧ್ಯಮವನ್ನು ಮುಟ್ಟಬೇಡ, ಆದರೂ ಶಂಕರಾಭರಣವೆನಿಸದೆ ಕಲ್ಯಾಣಿಯೆನಿಸಬೇಕು” ಎಂದರೆ ಹುಡುಗಿಯು ಗಮಕದಲ್ಲಿ ದಾರಿಯನ್ನು ಹುಡುಕಲೇಬೇಕು. ಬರೆದ ಪಾಠವು ಅಲ್ಲಿ ನೆರವಿಗೆ ಬಾರದು.

ನಮ್ಮ ಪಾಠಶಾಲೆಯಲ್ಲಿ ಸಮಸ್ಯಾಪೂರಣವನ್ನು ಹೀಗೆಯೇ ಕಲಿಸುತ್ತಿದ್ದರು. ಗುರುಗಳು ಒಂದು ಪಾದವನ್ನು ಕೊಡುವರು. ಮಿಕ್ಕ ಮೂರನ್ನು ನಾವು ಕುಳಿತಲ್ಲಿಯೇ ಕಟ್ಟಬೇಕು. ನನ್ನ ಮೊದಲ ಶ್ಲೋಕದಲ್ಲಿ ಯತಿಭಂಗವಿದ್ದಿತು, ವಿಭಕ್ತಿದೋಷವೂ ಇದ್ದಿತು. ಗುರುಗಳು ನಕ್ಕು ಇನ್ನೊಂದು ಪಾದವನ್ನು ಕೊಟ್ಟರು. ನಾನು ಕವಿಯಾಗಲಿಲ್ಲ, ಅದು ಬೇರೆ ಮಾತು. ಇಬ್ಬರು ಒಂದೇ ಶ್ಲೋಕವನ್ನು ಒಪ್ಪಿಸಿದುದನ್ನಂತೂ ಕಾಣೆನು. ಕಂಠಪಾಠವೇ ಬೇಡವೆಂದಲ್ಲ. ಅಮರಕೋಶ ಬಾರದವನು ಶ್ಲೋಕ ಕಟ್ಟಲಾರನು. ವರ್ಣ ಕೃತಿಗಳು ಕಂಠಸ್ಥವಾಗದವರಿಗೆ ರಾಗದ ಜೀವಸ್ವರವೂ ಕೈಗೆಟುಕದು. ಆದರೆ ಕೋಶವನ್ನೇ ಒಪ್ಪಿಸಿ ಕಾವ್ಯವೆನ್ನಬಹುದೆ?

ದೋಷದ ಬೇರು ಪರೀಕ್ಷೆಯಲ್ಲಿದೆ. ನಾನು ಕಂಡ ಪರೀಕ್ಷೆಗಳಲ್ಲಿ, ಹೊಸ ಸಂಚಾರಕ್ಕೆ ಕೈಯಿಟ್ಟು ಎಡವಿದವಳಿಗಿಂತ ಉರುಹೊಡೆದು ಒಪ್ಪಿಸಿದವಳಿಗೇ ಹೆಚ್ಚು ಅಂಕ. ಆ ಮೂರನೆಯ ಹುಡುಗಿಯು ಅಲ್ಲಿ ಸೋಲುತ್ತಿದ್ದಳು. ಪರೀಕ್ಷಕರು ಕೊಠಡಿಯಲ್ಲಿಯೇ ಒಂದು ಎಡುಪನ್ನು ಕೊಟ್ಟು, ನಾಲ್ಕು ಆವರ್ತ ಸ್ವರ ಹಾಡಿಸಿ, ಎಡುಪಿಗೆ ಸರಿಯಾಗಿ ಬಂದು ಸೇರಿದಳೆ, ರಾಗವನ್ನು ಕೆಡಿಸದೆ ಬಂದಳೆ ಎಂಬ ಎರಡನ್ನು ಮಾತ್ರ ನೋಡಲಿ. ನಡುವೆ ತಡವರಿಸಿದುದಕ್ಕೆ ಅಂಕವನ್ನು ಕಳೆಯದಿರಲಿ.